ಅಕ್ಕೋರ ಟೊಂಕದ ಅಳತೆ

ಹಳೆಯ ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದು ಖಣದ ಕುಬುಸ ಸಿಕ್ಕಿತು. ಅಳತೆಗೆಂದು ಕೊಟ್ಟವರು ತಿರುಗಿ ಒಯ್ದಿರಲಿಲ್ಲ. ಬಗಲ ಹೊಲಿಗೆ ತಿರುವಿ ನೋಡಿದೆ. ಮೂರು ಸಲ ಬಿಚ್ಚಿ ಸಡಿಲು ಮಾಡಿದ್ದರ ಸೂಜಿತೂತುಗಳು ಹಾಗೇ ಇದ್ದವು...

ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ, ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರು ಅವರು. ನಾನು ಓಣಿಯ ಹೆಂಗಸರ ಬಟ್ಟೆ ಹೊಲಿಯುವವಳು. ಬಂದ ಹೊಸದರಲ್ಲಿ ಅಕ್ಕೋರು ಕಡ್ಡಿಯಂತಿದ್ದರು. ಸಾಲಿಯಲ್ಲಿ ಕುರ್ಚಿ, ದಾರಿಗೆ ಸ್ಕೂಟಿ, ಸಂಜೆಗೆ ಬಿಸಿ ಮಿರ್ಚಿ ಭಜಿ. ಅದರಲ್ಲಿ ನನಗೂ ಪಾಲಿತ್ತು. ವರ್ಷ ವರ್ಷಕ್ಕೂ ಅವರಿಗೆ ಮೈ ಬಂತು. ಮೈ ಬಂದವರನ್ನು ಕಂಡರೆ "ಛಲೋ ಆಗೀರಿ" ಎನ್ನುವುದು ನಮ್ಮ ಕಡೆಯ ವಾಡಿಕೆ. ನಾನೂ ಅದನ್ನೇ ಅನ್ನುತ್ತಿದ್ದೆ.

ಟೊಂಕಕ್ಕೆ ಟೇಪು ಸುತ್ತಿದಾಗೆಲ್ಲ ಉಸಿರು ಬಿಗಿಹಿಡಿದು ಕೇಳುವರು, "ಎಷ್ಟ ಆತ ತಂಗಿ?"

"ಹ್ವಾದ ವರ್ಷದಷ್ಟ ಐತ್ರಿ ಅಕ್ಕೋರ."

ಸುಳ್ಳು! ಅವರ ಮುಖ ಸಣ್ಣದಾಗಬಾರದೆಂದು ಬಾಯಲ್ಲಿ ಹಳೆಯ ಅಳತೆ ಹೇಳುತ್ತಿದ್ದೆ, ಬಟ್ಟೆಯನ್ನು ಹೊಸ ಅಳತೆಗೆ ಕತ್ತರಿಸುತ್ತಿದ್ದೆ. ಹೊಲಿದದ್ದು ಸರಿಯಾಗಿ ಕೂತಿತೆಂದು ಅವರಿಗೆ ಖುಷಿಯೋ ಖುಷಿ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಒಂದು ಸಲ ನರ್ಸಮ್ಮ ಸಾಲಿಗೇ ಬಂದು ಕಲಿಸುವವರೆಲ್ಲರ ಟೊಂಕ ಅಳೆದಳಂತೆ. ಅಳತೆ ಹೆಚ್ಚಿದ್ದವರು ಮರುದಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆಯ ರಕ್ತ ತಪಾಸಣೆಗೆ ಹೋಗಬೇಕು. ಗಂಡು ಮಾಸ್ತರರ ಎದುರು ಟೇಪು ಸುತ್ತಿಸಿಕೊಳ್ಳಲು ನಾಚಿ, ಅಕ್ಕೋರು ನಾನು ಹೇಳಿದ್ದನ್ನೇ ಬರೆಸಿಬಿಟ್ಟರು. ಗದ್ದಲದಲ್ಲಿ ನರ್ಸಮ್ಮ ತಲೆ ಎತ್ತದೆ ಬರೆದುಕೊಂಡಳು. ತಪಾಸಣೆಯ ಯಾದಿಯಲ್ಲಿ ಅಕ್ಕೋರ ಹೆಸರು ಬರಲಿಲ್ಲ.

"ನಿನ್ನ ಟೇಪು ನನ್ನ ಮಾನ ಉಳಿಸ್ತು ನೋಡ" ಎಂದು ಸಂಜೆ ಬಂದು ನಕ್ಕರು. ಆಗಲಾದರೂ ಹೇಳಬಹುದಿತ್ತು... ನಾನೂ ನಕ್ಕೆ.

ಎರಡು ವರ್ಷದ ಮೇಲೆ ಚಪ್ಪಲಿ ಕಡಿದು ಅವರ ಹೆಬ್ಬೆರಳಿಗೆ ಗಾಯವಾಯಿತು. "ನೋವ ಇಲ್ಲ ಬಿಡ" ಎಂದು ಅರಿಶಿನ ಮೆತ್ತಿಕೊಂಡು ಓಡಾಡಿದರು. ನೋವಿಲ್ಲದ್ದೇ ಕೆಟ್ಟದ್ದೆಂದು ನಮಗೇನು ಗೊತ್ತು? ಬೆರಳು ಕರ್ರಗಾಯಿತು. ಸಕ್ಕರೆ ಕಾಯಿಲೆ ಬಂದು ಭಾಳ ವರ್ಷವಾಗಿದೆ, ಕಾಲಿನ ರಕ್ತನಾಳಗಳು ಕಟ್ಟಿಕೊಂಡಿವೆ ಎಂದರು ಕೊಪ್ಪಳದ ದವಾಖಾನೆಯಲ್ಲಿ. ಮೊಣಕಾಲ ಕೆಳಗೆ ಕತ್ತರಿಸಿ ತೆಗೆದರು.

ನೋಡಲು ಹೋದೆ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅಕ್ಕೋರು ನನ್ನ ಕೈ ಹಿಡಿದುಕೊಂಡರು.

"ಮೊದಲ ಗೊತ್ತಾಗಿದ್ರ ಕಾಲ ಉಳೀತಿತ್ತಂತ. ನನಗ ಯಾರೂ ಹೇಳಲಿಲ್ಲಲ್ಲ ತಂಗಿ..."

"ಅಕ್ಕೋರ" ಎಂದೆ. ಹೊದಿಕೆ ಸರಿಮಾಡಿ ಎದ್ದು ಬಂದೆ. ಮುಂದಿನ ಬೇಸಿಗೆಗೆ ಅವರ ಹೃದಯವೂ ಕೈಕೊಟ್ಟಿತು.

ಈಗ ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. "ಒಂದು ಅಳತೀಲೆ ಯಾರೂ ಸಾಯಂಗಿಲ್ಲ, ಹುಚ್ಚಿ" ಎನ್ನುತ್ತಾರೆ ನಮ್ಮ ಮನೆಯವರು. ಇರಬಹುದು. ಆದರೆ ಅವರು ನಂಬಿದ್ದು ನನ್ನನ್ನು. ತಪ್ಪಾಯಿತೆಂದು ಹೇಳುವಷ್ಟು ಧೈರ್ಯ ಈಗ ಬಂದಿದೆ... ಬೈಯಲು ಅಕ್ಕೋರಿಲ್ಲ.