ಒಳಗೆ ಬಿಟ್ಟ ಬಟ್ಟೆ

ಹೊಸ ಮೇಲಧಿಕಾರಿಯ ಕೈಯಿಂದ ಜಾರಿದ ಹೂಗುಚ್ಛವನ್ನು ಎತ್ತಿಕೊಡಲು ಬಗ್ಗಿದೆ ನೋಡಿ, ನನ್ನ ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು. ಸಭೆಯಲ್ಲಿ ಒಬ್ಬರೂ ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು. ಉಳಿದ ಹೊತ್ತನ್ನು ಗೋಡೆಗೆ ಬೆನ್ನು ಕೊಟ್ಟು ಕಳೆದು, ಸಂಜೆ ಹಿಂದಕ್ಕೊಂದು ಫೈಲು ಅಡ್ಡ ಹಿಡಿದುಕೊಂಡು ಅರ್ಧ ಇಂಚಣ್ಣನ ಅಂಗಡಿ ಸೇರಿದೆ.

ಅವರು ನಮ್ಮ ಬೀದಿಯ ಟೈಲರ್. ಏನು ಹೊಲಿದರೂ "ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದೀನಿ, ಮುಂದೆ ಬೇಕಾಗುತ್ತೆ" ಎನ್ನುವುದರಿಂದ ಬೀದಿಯವರು ಇಟ್ಟ ಹೆಸರದು. ನನ್ನಂಥವರ ಮುಂದಾಲೋಚನೆಯನ್ನು ನಮಗಿಂತ ಮೊದಲೇ ಮಾಡಿಡುವ ಮನುಷ್ಯ.

ಪರದೆಯ ಹಿಂದೆ ಟವೆಲ್ ಸುತ್ತಿಕೊಂಡು ಕೂತು ಹೇಳಿದೆ: "ಅಣ್ಣಾ, ಹಿಂದಿನ ಸಲದ ಹಾಗೆ ಸ್ವಲ್ಪ ಬಿಚ್ಚಿ ಹೊಲಿದುಕೊಡಿ. ಮನೇಲಿ ಗೊತ್ತಾಗೋದು ಬೇಡ. ಡಯಟ್ ಮಾಡ್ತಿದೀನಿ ಅಂತ ಹೇಳಿದೀನಿ."

"ಮಾಡ್ತಿದೀರಾ?"

"ಹೇಳಿದೀನಿ ಅಂದ್ನಲ್ಲ."

ಮೊದಲಾಗಿದ್ದರೆ ನಗುತ್ತಿದ್ದರು. ಈಗ ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು, "ಹರಿದಿದ್ದು ಹೊಲೀತೀನಿ. ಬಿಚ್ಚಿ ಅಗಲ ಮಾಡೋ ಕೆಲಸ ಬಿಟ್ಟಿದೀನಿ. ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬನ್ನಿ" ಎಂದರು.

ಪ್ಯಾಂಟು ಅವರ ವಶದಲ್ಲಿದ್ದುದರಿಂದ ನಾನು ಸಿಟ್ಟಿನಿಂದ ಎದ್ದುಹೋಗುವಂತಿರಲಿಲ್ಲ. ಯಾಕೆಂದು ಕೇಳಿದೆ. ಮೆಷಿನ್ ತುಳಿಯುತ್ತಲೇ ಹೇಳಿದರು.

ಅವರ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರ್, ನಮಗೆಲ್ಲ ಕಂಡಕ್ಟರಕ್ಕ. ಒಂದು ದಿನ ತುಂಬಿದ ಬಸ್ಸಿನಲ್ಲಿ ಯಾರೋ, "ಅಕ್ಕಾ, ನೀವೊಬ್ರು ಪಕ್ಕಕ್ಕೆ ಸರಿದ್ರೆ ನಾವು ನಾಲ್ಕು ಜನ ಇಳೀಬಹುದು" ಎಂದನಂತೆ. ಬಸ್ಸೆಲ್ಲ ನಕ್ಕಿತು. ಅಕ್ಕನೂ ನಕ್ಕು ಟಿಕೆಟ್ ಹರಿದರು. ಆವತ್ತಿನಿಂದಲೇ ಚಹಾಕ್ಕೆ ಸಕ್ಕರೆ ನಿಂತಿತು, ರಾತ್ರಿ ಬರೀ ಬೇಯಿಸಿದ ತರಕಾರಿ. ತೂಕ ನೋಡುವ ಮೆಷಿನ್ ತರೋಣವೇ ಎಂದು ಅಣ್ಣ ಕೇಳಿದರೆ, "ಯಾಕ್ರೀ ದಂಡ? ಸಣ್ಣ ಆದ್ನೋ ಇಲ್ವೋ, ನನ್ನ ಯೂನಿಫಾರಂ ಹೇಳುತ್ತೆ ಬಿಡಿ" ಎಂದರು.

ಯೂನಿಫಾರಂ ಹೇಳಿತು, ಆದರೆ ಅದಕ್ಕೆ ಇಸ್ತ್ರಿ ಮಾಡುವ ಅಣ್ಣನ ಕಿವಿಯಲ್ಲಿ. ಗುಂಡಿಗಳ ಬಳಿ ಬಟ್ಟೆ ಎಳೆದಿತ್ತು, ಪಕ್ಕದ ಹೊಲಿಗೆ ಬಾಯಿ ಬಿಡುತ್ತಿತ್ತು. ಉಪವಾಸದಲ್ಲಿ ಊದುವುದೆಂದರೇನು? ಅಣ್ಣ ಪತ್ತೇದಾರಿಗಿಳಿದರು. ಮೊದಲು ಬಟ್ಟೆಯೇ ಕುಗ್ಗಿತೆಂದು ಸೋಪು ಬದಲಾಯಿಸಿದರು. ಆಮೇಲೆ ಸಕ್ಕರೆ ಡಬ್ಬಿಯ ಮಟ್ಟ ನೋಡಿದರು. ಕಡೆಗೆ ಟಿಕೆಟ್ ಚೀಲ ಜಾಲಾಡಿದಾಗ, ಅಂಗಡಿಯವನು ಚಿಲ್ಲರೆಗೆ ಬದಲು ಕೊಟ್ಟಿದ್ದ ಚಾಕಲೇಟಿನ ಖಾಲಿ ಕಾಗದ ಸಿಕ್ಕಿತು. ಅಷ್ಟಕ್ಕೇ ತೀರ್ಪು ಬರೆದುಬಿಟ್ಟರು: ಕದ್ದು ತಿನ್ನುತ್ತಾಳೆ.

ಕೇಳಿದರೆ ಮುಖ ಬಾಡೀತು ಎಂದು ಕೇಳಲಿಲ್ಲ. ಗುಟ್ಟಾಗಿ ಹೊಲಿಗೆ ಬಿಚ್ಚಿ, ಅಗಲ ಮಾಡಿ ಹೊಲಿದು, ಹಳೆಯ ಗೆರೆ ಕಾಣದಂತೆ ಇಸ್ತ್ರಿ ತಿಕ್ಕಿ ಇಟ್ಟರು. ಬೆಳಿಗ್ಗೆ ಅಕ್ಕ ಕನ್ನಡಿ ಮುಂದೆ ಗಿರ್ರನೆ ಸುತ್ತಿ, "ನೋಡ್ರೀ, ಸಡಿಲ ಆಗಿದೆ!" ಎಂದರು.

"ಆ ಮುಖ ನೋಡಿ ಹೇಗೆ ಹೇಳ್ಲಿ, ನೀವೇ ಹೇಳಿ" ಎಂದರು ಅಣ್ಣ. ನಾನು ಟವೆಲ್ ಬಿಗಿ ಮಾಡಿಕೊಂಡೆ.

ಅಕ್ಕ ಹುರುಪಿನಲ್ಲಿ ರಾತ್ರಿಯ ಊಟವನ್ನೂ ಬಿಟ್ಟರು. ಅಣ್ಣ ಮತ್ತೆ ಬಿಚ್ಚಿದರು. ಮೆಟ್ಟಿಲು ಹತ್ತಿದರೆ ಉಬ್ಬಸ ಎಂದು ಅಕ್ಕ ಹೇಳಿದಾಗ, ಊಟ ಬಿಟ್ಟ ಸುಸ್ತು ಎಂದುಕೊಂಡರು ಇಬ್ಬರೂ. ಒಳಗೆ ಬಿಟ್ಟ ಬಟ್ಟೆ ಪೂರ್ತಿ ಮುಗಿಯುವವರೆಗೆ ಹೀಗೇ ನಡೆಯಿತು. ಕೈಕೊಟ್ಟಿದ್ದು ಬೂಟು. ಒಂದು ಬೆಳಿಗ್ಗೆ ಕಾಲು ಒಳಗೇ ಹೋಗಲಿಲ್ಲ. ಬೂಟು ಬಿಚ್ಚಿ ಹೊಲಿಯುವುದು ಟೈಲರಿಗೆ ಬರುವುದಿಲ್ಲ.

ಡಾಕ್ಟರು ಪಾದವನ್ನು ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಮೇಲೇಳಲಿಲ್ಲ.

"ಬಟ್ಟೆ ಬಿಗಿಯಾಗೋಕೆ ಶುರುವಾಗಿ ಎಷ್ಟು ದಿನ ಆಯ್ತಮ್ಮ?"

"ಬಿಗಿನೇ ಆಗಿಲ್ಲ ಡಾಕ್ಟ್ರೇ. ಸಡಿಲ ಆಗಿದೆ. ಡಯಟ್ ಮಾಡ್ತಿದೀನಲ್ಲ!"

ಬಾಗಿಲ ಬಳಿ ನಿಂತಿದ್ದ ಅಣ್ಣನಿಗೆ ಆಗ ಬಾಯಿ ಬಂತು. ಎಲ್ಲ ಹೇಳಿದರು. ಮೈಯಲ್ಲಿ ಸೇರಿದ್ದು ಕೊಬ್ಬಲ್ಲ, ನೀರು. ಮೂತ್ರಪಿಂಡ ಸೋಲುತ್ತಿದೆ ಎಂದರು ಡಾಕ್ಟರು. ಮೊದಲ ಸಲ ಬಟ್ಟೆ ಬಿಗಿಯಾದಾಗಲೇ ಬಂದಿದ್ದರೆ ಹೆಚ್ಚಿನ ಪಾಲು ಉಳಿಸಬಹುದಿತ್ತು ಎಂದೂ ಹೇಳಿದರು.

ಅಕ್ಕ ಈಗ ಬಸ್ಸು ಹತ್ತುವುದಿಲ್ಲ. ಡಿಪೋದ ಕಿಟಕಿಯಲ್ಲಿ ಕೂತು ಪಾಸು ಕೊಡುತ್ತಾರೆ, ಉಪ್ಪಿಲ್ಲದ ಊಟ, ಮುಷ್ಟಿ ತುಂಬ ಮಾತ್ರೆ.

"ಅಕ್ಕ ಆವತ್ತು ಬೈದ್ರಾ?"

"ಬೈದಿದ್ರೆ ಚೆನ್ನಾಗಿರ್ತಿತ್ತು. ಮನೆಗೆ ಬಂದು, 'ನಾನು ಕದ್ದು ತಿಂತೀನಿ ಅಂದ್ಕೊಂಡ್ರಾ?' ಅಂದ್ಳು. ಅಷ್ಟೇ."

ಮೆಷಿನ್ ನಿಂತಿತು.

"ಈಗಲಾದ್ರೂ ಆ ನೋವು ಮರೆತಿದಾರಾ ಅಣ್ಣಾ?"

ಅಣ್ಣ ದಾರವನ್ನು ಹಲ್ಲಿನಿಂದ ಕಡಿದರು.

"ಮರೆತಿದಾಳೆ. ಮಾತಾಡ್ತಾಳೆ, ನಗ್ತಾಳೆ, ಊಟಕ್ಕೂ ಕರೀತಾಳೆ. ಯೂನಿಫಾರಂ ಮಾತ್ರ ಪಕ್ಕದ ಬೀದಿ ಟೈಲರ್ ಹತ್ರ ಹೊಲಿಸ್ತಾಳೆ."