ನನಗಿರದ ತಲೆನೋವು

ಗಿರಿಜಾ, ನನಗೆ ತಲೆನೋವು ಇರಲಿಲ್ಲ. ಮೊದಮೊದಲು ಇದ್ದದ್ದು ನಿಜ — ಆಮೇಲಿನದೆಲ್ಲ ಸುಳ್ಳು. ಆ ಸುಳ್ಳಿಗಾಗಿ ನಿನ್ನನ್ನು ಕಾಲೇಜು ಬಿಡಿಸಿದರು. ನಾನು ಸುಮ್ಮನಿದ್ದೆ.

ಬಿಳಿಗೆರೆಯ ಆ ಮನೆ ನೀನು ಹುಟ್ಟಿದ ಮನೆ. ನಿನ್ನಣ್ಣನನ್ನು ಮದುವೆಯಾಗಿ ಬಂದ ನನಗೆ ಅಲ್ಲಿ ಯಾವುದೂ ನನ್ನ ಕೈಯಲ್ಲಿರಲಿಲ್ಲ. ಏನು ಅಡುಗೆ ಎಂಬುದನ್ನು ಅತ್ತೆ ಹೇಳಬೇಕು. ತವರಿಗೆ ಯಾವಾಗ ಎಂಬುದನ್ನು ಮಾವ. ದಂಡಿನಶಿವರದಲ್ಲಿ ನನ್ನಪ್ಪನಿಗೆ ಹುಷಾರಿಲ್ಲ ಎಂದಾಗಲೂ, ಅಟ್ಟದ ಕಾಯಿ ಇಳಿಸಿ ಕೊಬ್ಬರಿ ಮಾಡಿ ಮುಗಿಯಲಿ ಎಂದರು.

ಒಂದು ದಿನ ನಿಜವಾಗಿಯೇ ತಲೆ ಸಿಡಿದು ಮಲಗಿದೆ. ಅತ್ತೆ ಬಾಗಿಲಲ್ಲಿ ನಿಂತು, ಗಂಜಿ ಮಾಡಲೋ, ಮಜ್ಜಿಗೆ ಅನ್ನ ಸಾಕೋ ಎಂದು ಕೇಳಿದರು. ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ನೋವು ಇಳಿದ ಮೇಲೂ ಏಳಲು ಮನಸ್ಸಾಗಲಿಲ್ಲ. ಆಗಾಗ ಮಲಗುತ್ತಿದ್ದವಳು ಬರಬರುತ್ತಾ ಮಲಗಿಯೇ ಬಿಟ್ಟೆ. ತಿಪಟೂರಿನ ಡಾಕ್ಟರಿಗೆ ಏನೂ ಸಿಗಲಿಲ್ಲ — ಸಿಗುವುದಾದರೂ ಏನು?

ಆಗ ನೀನು ಎರಡನೇ ಪಿಯುಸಿ. ನರ್ಸಿಂಗ್ ಓದುವ ಆಸೆ ನಿನಗೆ. ಪಡಸಾಲೆಯಲ್ಲಿ ಮಾವ ನಿನಗೆ ಹೇಳಿದ್ದು ನನ್ನ ಕೋಣೆಗೆ ಕೇಳಿಸಿತು: "ಕಾಲೇಜು ಸಾಕು ಬುಡು. ನಿಮ್ಮ ಅತ್ಗೆ ಕೈಲಿ ಆಗಲ್ಲ ಕಣೇ, ಮನೆ ನೋಡ್ಕೊ."

ನಾನು ಎದ್ದು ಹೊರಬಂದು, ನನಗೆ ವಾಸಿಯಾಗಿದೆ ಮಾವ ಎಂದಿದ್ದರೆ ಸಾಕಿತ್ತು. ಬದಲಿಗೆ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ತಿರುಗಿಸಿ ಹಾಕಿಕೊಂಡೆ. ಅಷ್ಟೇ ನಾನು ಮಾಡಿದ್ದು.

ವರ್ಷ ತುಂಬುವುದರೊಳಗೆ ನಿನಗೆ ನಿದ್ದೆ ಬರದಾಯಿತು. ತಿಂದದ್ದು ನಿಲ್ಲದು, ಹೊಟ್ಟೆನೋವು, ಕೂದಲು ಬಾಚಣಿಗೆಗೆ ಬರತೊಡಗಿತು. ಅದೇ ಡಾಕ್ಟರು, ಅದೇ ಮಾತು — ಏನೂ ಕಾಣಿಸುತ್ತಿಲ್ಲ. ನನ್ನ ಸುಳ್ಳನ್ನು ನಂಬಿದ ಮನೆ ನಿನ್ನ ನಿಜವನ್ನು ನಂಬಲಿಲ್ಲ. ಓದು ಬಿಡಿಸಿದ್ದಕ್ಕೆ ಹಟ, ಬರೀ ನಾಟಕ ಎಂದರು.

ಸಣ್ಣಪುಟ್ಟ ಕೆಲಸಕ್ಕೆ ಮಾತ್ರ ಏಳುತ್ತಿದ್ದ ನಾನು ಹಿತ್ತಲಲ್ಲಿ ಕರಟ ರಾಶಿ ಹಾಕುತ್ತಿದ್ದ ಒಂದು ಮಧ್ಯಾಹ್ನ ನೀನು ಬಂದು ಪಕ್ಕದಲ್ಲಿ ಕೂತೆ.

"ಅತ್ಗೆ, ನೀವಾದ್ರೂ ನಂಬ್ತೀರಲ್ವಾ? ಕಾಣದ ನೋವು ಹೆಂಗಿರುತ್ತೆ ಅಂತ ನಿಮಗೊಬ್ರಿಗೇ ಗೊತ್ತು."

ನಂಬುತ್ತೇನೆ ಎಂದೆ. ಅದು ನಿಜ. ಉಳಿದದ್ದನ್ನು ಹೇಳದೆ ಕೈಯಲ್ಲಿದ್ದ ಕರಟವನ್ನು ರಾಶಿಗೆ ಎಸೆದೆ. ನೀನು ನನ್ನ ತೊಡೆಯ ಮೇಲೆ ತಲೆಯಿಟ್ಟೆ, ಅಲ್ಲೇ ನಿದ್ದೆ ಹೋದೆ — ನಾನು ಅಲುಗಾಡದೆ ಕೂತಿದ್ದೆ.

ಮುಂದೆ ನಿನ್ನಣ್ಣ ತುರುವೇಕೆರೆಯಲ್ಲಿ ಬೇರೆ ಮನೆ ಮಾಡಿದರು. ಬೆಳಗಾದರೆ ಏನು ಮಾಡಬೇಕೆಂದು ನಾನೇ ಯೋಚಿಸುವ ಆ ಮನೆಯಲ್ಲಿ ನಾನೊಂದು ದಿನವೂ ತಲೆನೋವೆಂದು ಮಲಗಲಿಲ್ಲ. ನಿನ್ನನ್ನು ಕಂದಿಕೆರೆಗೆ ಕೊಟ್ಟರು. ಅಲ್ಲಿ ನಿನ್ನ ಅತ್ತೆಯ ಯಜಮಾನಿಕೆ. ನಿನ್ನ ಹೊಟ್ಟೆನೋವು ಹೋಗಲಿಲ್ಲ. ಹಬ್ಬಕ್ಕೆ ಸೇರಿದಾಗ ನಿನ್ನಮ್ಮ ಈಗಲೂ, ಇವಳದು ಹುಡುಗಿಯಾಗಿದ್ದಾಗಿನಿಂದಲೂ ನಾಟಕ ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ಅಲ್ಲಿರುತ್ತೇನೆ.

ನಾಟಕವಾಡಿದವಳು ನಾನು ಎಂದು ಅವರೆದುರು ಹೇಳಲು ಸಿದ್ಧಳಿದ್ದೇನೆ. ಆದರೆ ಯಾವಾಗ, ಯಾರೆದುರು ಎಂಬುದನ್ನು ನೀನೇ ನಿರ್ಧರಿಸು. ಇದನ್ನು ಓದಿ, ಇನ್ನು ನಿಮ್ಮ ಮುಖ ನೋಡುವುದಿಲ್ಲ ಎಂದರೂ — ಅದೂ ನಿನ್ನದೇ ತೀರ್ಮಾನ. ಈ ಸಲ ನಾನು ಅದಕ್ಕೆ ಅಡ್ಡ ಬರುವುದಿಲ್ಲ.