ಗೋಡೆಗೆ ಅಂಟಿಸಿದ ಕಪಾಟು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಗಾಳಿಯಕ್ಕ ಎಂದು. ಅಪ್ಪನಿಂದ ಮರಗೆಲಸ ಕಲಿತು ಮೂವತ್ತು ವರ್ಷ ಅದರಲ್ಲೇ ಕೈ ಸವೆಸಿದವಳು. ಯಾರೇ ಕಪಾಟು ಮಾಡಿಸಲು ಬರಲಿ, ಬಣ್ಣ, ಕನ್ನಡಿ ಎಲ್ಲ ಆಮೇಲೆ, ಮೊದಲು ಅವಳು ಕೇಳುತ್ತಿದ್ದುದು, "ಆ ಕೋಣೇಲಿ ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಂದ ಹೋಗುತ್ತೆ?" ಸಮುದ್ರದ ಪಕ್ಕದ ಆ ಊರಿನಲ್ಲಿ ವರ್ಷದ ಎಂಟು ತಿಂಗಳು ಉಪ್ಪು ಡಬ್ಬಿಯಲ್ಲೇ ನೀರೊಡೆಯುತ್ತಿತ್ತು, ಮೂಲೆಗಿಟ್ಟ ಚಪ್ಪಲಿಗೆ ವಾರ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅಂಥ ಕಡೆ ಕಪಾಟಿಗೂ ಉಸಿರಾಡಲು ಜಾಗ ಬೇಕು ಎನ್ನುವುದು ಅವಳ ಹಟ.

ತಂಗಿ ಹೊಸ ಫ್ಲ್ಯಾಟು ಕೊಂಡಳು. ಅಮ್ಮ ಇದ್ದದ್ದು ತಂಗಿಯ ಜೊತೆಗೇ. ವಾರ್ಡ್‌ರೋಬ್ ಮಾಡಿಸಬೇಕು, ಬಂದು ನೋಡು ಎಂದು ತಂಗಿಯೇ ಅಕ್ಕನನ್ನು ಕರೆಸಿದಳು. ಅಮ್ಮನಿಗೆಂದು ಇಟ್ಟ ಕೋಣೆ ಚಿಕ್ಕದು, ಒಂದೇ ಕಿಟಕಿ, ಮಂಚದ ಎದುರಿನ ಗೋಡೆಯ ಆಚೆಗೆ ಬಚ್ಚಲು. ಗಾಳಿಯಕ್ಕ ಆ ಗೋಡೆಗೆ ಅಂಗೈ ಒತ್ತಿ ನೋಡಿದಳು. ಹೊಸ ಮನೆಯ ಗೋಡೆ, ಆಗಲೇ ತಣ್ಣಗಿತ್ತು.

"ಈ ಗೋಡೆಗೆ ಬೇಡ. ಕಿಟಕಿ ಪಕ್ಕ ಇಡೋಣ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು. ಕೆಳಗೆ ಕಾಲು ಇರ್ಲಿ. ಬಾಗಿಲಿಗೆ ಓರೆ ಪಟ್ಟಿ ಹಾಕ್ತೀನಿ, ಗಾಳಿ ಆಡುತ್ತೆ," ಎಂದು ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ತೋರಿಸಿದಳು.

ತಂಗಿಯ ಗಂಡ ವಿಮಾ ಕಂಪನಿಯಲ್ಲಿ ಅಧಿಕಾರಿ. ಅವನ ಕೈಯಲ್ಲಿ ಶೋರೂಮಿನ ಕ್ಯಾಟಲಾಗ್ ಇತ್ತು. ನೆಲದಿಂದ ಸೂರಿನವರೆಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಕನ್ನಡಿಯಂತೆ ಹೊಳೆಯುವ ಬಿಳಿ ಬಾಗಿಲು, ಎಲ್ಲೂ ಸಂದಿಲ್ಲ. "ಅತ್ತಿಗೇ, ಕಾಲಿರೋ ಕಪಾಟು ಈಗ ಯಾರು ಇಟ್ಕೋತಾರೆ? ಕೆಳಗೆಲ್ಲ ಧೂಳು ಬೇರೆ," ಎಂದ. ಅವಳು ಮತ್ತೊಮ್ಮೆ ಹೇಳಿದಳು, ಆ ಹೊಳಪಿನ ಒಳಗಿರುವುದು ಮರದ ಪುಡಿ, ನೀರಿನ ಪಸೆ ತಾಗಿದರೆ ಅನ್ನದ ಹಾಗೆ ಅರಳುತ್ತೆ ಎಂದು. ಅವನು ಹೆಂಡತಿಯ ಕಡೆ ತಿರುಗಿ, "ನಿಮ್ಮಕ್ಕನಿಗೆ ಗಾಳಿ ಹಿಡಿದಿದೆ ಕಣೇ," ಎಂದ. ತಂಗಿ ನಕ್ಕುಬಿಟ್ಟಳು.

ಆ ನಗು ಅಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಕ್ಯಾಲೆಂಡರ್ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟವಳು ಹತ್ತು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಅಮ್ಮನೊಡನೆ ಫೋನಿನಲ್ಲೇ ಮಾತು. ಮಾತಿನ ನಡುವೆ ಕೆಮ್ಮು.

"ಏನಮ್ಮಾ ಇಷ್ಟು ಕೆಮ್ಮು?"

"ವಯಸ್ಸಾಯ್ತಲ್ಲ ಅಂತಾರೆ."

ಮೂರನೇ ಬಾರಿ ಔಷಧಿ ಬದಲಾಯಿಸಿದರು ಎಂದು ಕೇಳಿದ ದಿನ ಅವಳು ಕೆಲಸ ಅರ್ಧಕ್ಕೆ ಬಿಟ್ಟು ಸ್ಕೂಟರ್ ಹತ್ತಿದಳು. ಅಮ್ಮನ ಕೋಣೆಗೆ ಕಾಲಿಡುತ್ತಲೇ ಮೂಗಿಗೆ ಬಡಿಯಿತು: ನುಸಿಗುಳಿಗೆ, ಅದರ ಮೇಲೆ ಸೆಂಟು, ಎಲ್ಲದರ ಅಡಿಯಲ್ಲಿ ಕೊಳೆತ ರಟ್ಟಿನ ವಾಸನೆ. ಬಚ್ಚಲಿನ ಗೋಡೆಗೇ ಅಂಟಿಸಿದ್ದ ಶೋರೂಮಿನ ಕಪಾಟಿನ ಬಿಳಿ ಬಾಗಿಲು ತೆರೆದಳು. ಅಮ್ಮನ ಉಣ್ಣೆ ಶಾಲಿನ ಮೇಲೆ ಬೂದು ಚುಕ್ಕಿಗಳು. ಬಟ್ಟೆ ಸರಿಸಿ ಹಿಂದಿನ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೇ ಹೋಯಿತು.

ತಂಗಿಯ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಛೆ, ಹೀಗಾಗುತ್ತೆ ಅಂತ ನಮಗೆ ಯಾರೂ ಹೇಳಲೇ ಇಲ್ವಲ್ಲ," ಎಂದ.

ಅವಳ ಮೈಯೆಲ್ಲ ಉರಿದುಹೋಯಿತು. ದನಿ ಮಾತ್ರ ಏರಲಿಲ್ಲ.

"ನೀವೀಗ ನಿಂತಿದ್ದೀರಲ್ಲ, ಅಲ್ಲೇ ನಿಂತು ಹೇಳಿದ್ದೆ. ಎರಡು ಸಲ ಹೇಳಿದ್ದೆ. ನಕ್ಕಿರಿ."

"ನೀವು ಎಲ್ಲದಕ್ಕೂ ಗಾಳಿ ಗಾಳಿ ಅಂತೀರಿ. ಯಾವ್ದನ್ನ ನಿಜ ಅಂದ್ಕೊಳ್ಳೋದು?"

ಅವಳು ಅವನನ್ನು ದಾಟಿ ಹೊರಗೆ ಹೋದಳು. ಕೆಳಗಿಳಿದು ಸ್ಕೂಟರಿನಿಂದ ಮೀಟುಗೋಲು, ಸುತ್ತಿಗೆ ತಂದಳು. "ಅಕ್ಕಾ, ತಡಿ, ಗ್ಯಾರಂಟಿ ಇದೆ, ಶೋರೂಮಿನವರು ಬಂದು ನೋಡ್ಲಿ," ಎಂದು ತಂಗಿ ಕೈ ಹಿಡಿದಳು. "ಅವರು ನೋಡೋದು ಹಲಗೆ. ಅಮ್ಮನ ಶ್ವಾಸಕೋಶಕ್ಕೆ ಗ್ಯಾರಂಟಿ ಯಾರು ಬರ್ಕೊಟ್ಟಿದ್ದಾರೆ?" ಎಂದು ಕೈ ಕೊಡವಿಕೊಂಡಳು. ಮೊದಲು ಬಾಗಿಲು ಕಿತ್ತು ಬಂತು. ಆಮೇಲೆ ಹಲಗೆಗಳನ್ನು ಮೀಟಬೇಕಾಗಿಯೂ ಬರಲಿಲ್ಲ, ನೆನೆದ ಬಿಸ್ಕತ್ತಿನಂತೆ ತುಂಡು ತುಂಡಾಗಿ ಉದುರಿದವು. ಒಂದೊಂದು ತುಂಡನ್ನೂ ತಂಗಿಯ ಗಂಡನ ಕೈಗೇ ಕೊಟ್ಟಳು. ಇಸ್ತ್ರಿ ಮಾಡಿದ ಅಂಗಿಯಲ್ಲೇ ಅವನು ಅವನ್ನೆಲ್ಲ ಹೊರಗೆ ಹೊತ್ತ. ಕೊನೆಗೆ ಹಿಂದಿನ ಗೋಡೆ ಕಂಡಿತು. ಆಳೆತ್ತರಕ್ಕೆ ಕಪ್ಪಗೆ, ಅಲ್ಲಲ್ಲಿ ಹತ್ತಿಯಂತೆ ಬೆಳೆದ ಬೂಷ್ಟು.

ಅಮ್ಮ ಮಂಚದ ಮೇಲೆ ಕೂತೇ ನೋಡಿದಳು. "ವಾಸನೆ ಅಂತ ನಾನು ಹೇಳಿದಾಗೆಲ್ಲ ಸೆಂಟು ಹೊಡೆದ್ರು," ಎಂದಳು. ಆಮೇಲೆ ಹಿರಿಮಗಳ ಕಡೆ ತಿರುಗಿದಳು. "ನಿನಗೆ ಗೊತ್ತಿತ್ತು. ಎರಡು ಸಲ ಹೇಳ್ದೆ, ಮುನಿಸ್ಕೊಂಡು ಹೋದೆ. ಮೂರನೇ ಸಲ ಹೇಳೋಕೆ ಯಾಕೆ ಬರ್ಲಿಲ್ಲ?"

ಇಷ್ಟು ಹೊತ್ತು ಎದುರಿಗಿದ್ದವರ ಮೇಲೆ ಉರಿಯುತ್ತಿದ್ದ ಬೆಂಕಿ ತನ್ನ ಕಾಲಿಗೇ ಹತ್ತಿದಂತಾಯಿತು. ಫೋನಿನಲ್ಲಿ ಕೇಳಿದ ಕೆಮ್ಮೆಲ್ಲ ನೆನಪಾಯಿತು. ತನ್ನ ಮಾತು ನಿಜವಾಗಲಿ ಎಂದು ಒಳಗೊಳಗೇ ಕಾದಿದ್ದೆನೇನೋ ಎನ್ನಿಸಿ ನಾಚಿಕೆಯಾಯಿತು; ನಾಚಿಕೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು. "ಬಟ್ಟೆ ತಗೋ ಅಮ್ಮ, ನಮ್ಮನೆಗೆ ಹೋಗೋಣ," ಎಂದಷ್ಟೇ ಹೇಳಿದಳು.

ಗೋಡೆಯೊಳಗೆ ಸೋರುತ್ತಿದ್ದ ಬಚ್ಚಲಿನ ಕೊಳವೆ ಸರಿಪಡಿಸಿ ಗೋಡೆ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಮ್ಮನ ಕೆಮ್ಮು ಬಹುಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ ಎಂದರು ವೈದ್ಯರು. ತಂಗಿ ಬಂದು ಅತ್ತು ಹೋದಳು. ತಂಗಿಯ ಗಂಡ ಒಂದು ಭಾನುವಾರ ಒಬ್ಬನೇ ಬಂದು, ಉಳಿದ ಎರಡು ಕೋಣೆಗೂ ಕಪಾಟು ನೀವೇ ಮಾಡಿಕೊಡಿ ಎಂದು ತಲೆ ತಗ್ಗಿಸಿ ಕೇಳಿದ. ಅವಳು ಒಪ್ಪಿದಳು. ತೇಗದ ಚೌಕಟ್ಟು, ಪಟ್ಟಿ ಬಾಗಿಲು, ಒಂದೂ ತಪ್ಪಿಲ್ಲದ ಕೆಲಸ. ಮಾಡುವಷ್ಟು ದಿನವೂ ಅಳತೆ ಬಿಟ್ಟು ಬೇರೆ ಒಂದು ಮಾತೂ ಅವನೊಡನೆ ಆಡಲಿಲ್ಲ. ಕ್ಷಮಿಸಿದೆಯಾ ಎಂದು ಅಮ್ಮ ಕೇಳಿದಳು.

"ಕಪಾಟು ಮಾಡ್ಕೊಟ್ಟಿದ್ದೀನಿ," ಎಂದಳು ಅವಳು, ಮರಳುಕಾಗದ ಮಡಚುತ್ತ. "ಅದಷ್ಟೇ ಸದ್ಯಕ್ಕೆ ನನ್ನಿಂದ ಆಗೋದು."